ಗಾಯ ತೊಳೆಯುವ ಮೊದಲು ಹೇಳುವ ಮಾತು

ಬಿದಿರು ಹೂಬಿಟ್ಟ ನಾಲ್ಕನೆಯ ಸುತ್ತು, ಜೇನು ತಿಂಗಳು, ಮೂವತ್ತಮೂರನೆಯ ದಿನ.

ಮುತ್ತಜ್ಜಿ ಕೇತಮ್ಮನಿಗೆ,

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ; ನೀನಿನ್ನೂ ಕಾಣದ ಕಾಲದಿಂದ ಬರೆಯುತ್ತಿದ್ದೇನೆ. ನನ್ನ ಮಾತುಗಳೂ ನಿನಗೆ ವಿಚಿತ್ರವೆನಿಸಬಹುದು, ಕ್ಷಮಿಸು. ನನಗೆ ಎಪ್ಪತ್ತು ದಾಟಿದೆ, ನಿನಗಿನ್ನೂ ಇಪ್ಪತ್ತು. ಆದರೂ ನೀನೇ ಅಜ್ಜಿ, ನಾನೇ ಮೊಮ್ಮಗಳು, ಏನು ಮಾಡುವುದು!

ನೀನೀಗ ಎಲ್ಲಿದ್ದೀಯ ಎಂದು ನಮ್ಮ ಪೋಡಿನ, ಈ ಬೆಟ್ಟದ ಹಾಡಿಯ, ಮನೆಮನೆಗೂ ಗೊತ್ತು. ಪಟ್ಟಣದ ಆಸ್ಪತ್ರೆಯಲ್ಲಿ, ಸುಟ್ಟಗಾಯದ ವಾರ್ಡಿನಲ್ಲಿ. ನಿನ್ನ ವೀಳ್ಯಶಾಸ್ತ್ರದ ಅಡುಗೆಯಲ್ಲೇ ಮುದ್ದೆಯ ಎಸರಿನ ಪಾತ್ರೆ ಉರುಳಿ ಕಾಲು ಬೆಂದಿದೆ. ನಿನ್ನ ಜೊತೆ ವಾರ್ಡಿಗೆ ಸೇರಿದವರೆಲ್ಲ ವಾಸಿಯಾಗಿ ಮನೆಗೆ ಹೋದರು. ನಿನ್ನ ಗಾಯ ಮಾತ್ರ ಮುಚ್ಚುತ್ತಿಲ್ಲ. ಪಕ್ಕದಲ್ಲಿ ಕೂತ ಜಡೆಮ್ಮ, ನಿನಗೆ ಅತ್ತೆಯಾಗಬೇಕಾದವಳು, “ಉಣ್ಣವ್ವ, ಕಾಲು ವಾಸಿಯಾಗ್ದಿದ್ರೆ ನನ್ ಜೊತೆ ಬೆಟ್ಟ ಹತ್ತೋರ್ಯಾರು?” ಎಂದು ಗದರುತ್ತ ತುತ್ತು ಕೊಡುತ್ತಿದ್ದಾಳೆ. ನಿನ್ನ ಸೋಪಿನ ಡಬ್ಬಿಯಲ್ಲಿ ಸಿಕಲ್ ಸೆಲ್ ಕಾಯಿಲೆಯ ಕ್ಯಾಪ್ಸೂಲುಗಳಿರುವುದು ಆಕೆಗೆ ಗೊತ್ತಿಲ್ಲ. ಆಕೆಯ ಕಿವಿಗೆ ಬೀಳುತ್ತದೆಂದು ಡಾಕ್ಟರಿಗೂ ನೀನು ಹೇಳಿಲ್ಲ. ರಕ್ತ ಸರಿಯಿಲ್ಲದ ಹುಡುಗಿ ಎಂದು ಮದುವೆ ಮುರಿದರೆ?

ನಮ್ಮ ಕಾಲದಲ್ಲಿ ಆ ಕಾಯಿಲೆ ಇಲ್ಲ. ಮಗು ಹುಟ್ಟುವ ಮೊದಲೇ ‘ನೆತ್ತರುತಿದ್ದುಗೆ’ ಆಗುತ್ತದೆ. ರಕ್ತದ ಕಣ ಕುಡುಗೋಲಿನ ಹಾಗೆ ಬಾಗದಂತೆ ಮೂಲದಲ್ಲೇ ಸರಿಪಡಿಸುವ ಕೆಲಸ ಅದು. ಸುಟ್ಟ ಜಾಗಕ್ಕೆ ‘ತೊಗಲೆಲೆ’ ಹಚ್ಚುತ್ತೇವೆ. ಅವರವರ ಚರ್ಮದಿಂದಲೇ ಬೆಳೆಸಿದ ತೆಳು ಹಾಳೆ, ಮುತ್ತುಗದೆಲೆಯ ಹಾಗೆ ಕಟ್ಟು ಕಟ್ಟಿ ಅಟ್ಟದಲ್ಲಿ ಇಟ್ಟಿರುತ್ತೇವೆ. ಮೊನ್ನೆ ನನ್ನ ಮುದಿಗಂಡ ಗೆಣಸು ಸುಡಲು ಹೋಗಿ ಕೈ ಸುಟ್ಟುಕೊಂಡ. ನೋವಿಗೆ ಕುಣಿಯುತ್ತಲೇ, ಪದ್ಧತಿಯಂತೆ ನಿನ್ನ ಮಾತನ್ನು ಮೊದಲು ಹೇಳಿದ: “ನಾ ಮಾತ್ರೆ ನುಂಗ್ತಾ ಇವ್ನಿ ಡಾಕ್ಟ್ರೇ, ಮುಚ್ಚಿಟ್ಟಿದ್ದೆ.” ಅವನು ನುಂಗಿದ್ದು ಹೊಟ್ಟೆ ಉಬ್ಬರದ ಮಾತ್ರೆ! ಮನೆಮಂದಿಯೆಲ್ಲ ನಕ್ಕೆವು. ಆದರೆ ಆ ಮಾತು ಹೇಳದೆ ನಮ್ಮಲ್ಲಿ ಯಾರೂ ಗಾಯ ತೊಳೆಯುವುದಿಲ್ಲ.

ಬೇರೆ ಏನಾದರೂ ಔಷಧಿ ನುಂಗುತ್ತಿದ್ದೀಯಾ ಎಂದು ನಾಳೆ ಡಾಕ್ಟರು ನಿನ್ನನ್ನು ಮತ್ತೆ ಕೇಳುತ್ತಾರೆ. ಗಾಯಕ್ಕೆ ಇದೇ ಅಡ್ಡಿಯೇನೋ, ಕ್ಯಾಪ್ಸೂಲನ್ನು ಗುಟ್ಟಾಗಿ ಬಿಟ್ಟುಬಿಡೋಣ ಎಂದು ನಿನಗೂ ಅನಿಸಿದೆಯಂತೆ. ಬೇಡ ತಾಯಿ. ಆ ಔಷಧಿ ಕೆಲವರಲ್ಲಿ ಹೊಸ ಚರ್ಮ ಬೆಳೆಯುವುದನ್ನು ತಡಮಾಡುತ್ತದೆ, ನಿಜ. ಆದರೆ ಮೂಳೆ ಹಿಂಡುವ ಆ ನೋವನ್ನು ದೂರವಿಟ್ಟಿರುವುದೂ ಅದೇ. ಅತ್ತ ದರಿ, ಇತ್ತ ಪುಲಿ. ನಿಲ್ಲಿಸಬೇಕೋ, ಕಡಿಮೆ ಮಾಡಬೇಕೋ, ರಕ್ತ ಕೊಡಬೇಕೋ ಎಂದು ತೂಗಿ ನೋಡಲು ಡಾಕ್ಟರಿಗೆ ಮೊದಲು ವಿಷಯ ತಿಳಿಯಬೇಕು.

ನಿನಗದು ನಾಳೆ, ನಮಗೆ ಎಂದೋ ಆಗಿಹೋದದ್ದು: ನೀನು ಹೇಳಿದೆ, ಮುತ್ತಜ್ಜಿ. ಜಡೆಮ್ಮ ಕೊಟ್ಟ ತುತ್ತು ಬಾಯಲ್ಲಿರುವಾಗಲೇ, ಆಕೆ ಎದ್ದು ಹೋಗಬಹುದೆಂದು ಗೊತ್ತಿದ್ದೂ ಹೇಳಿದೆ. ನಮ್ಮ ತಿದ್ದುಗೆ, ತೊಗಲೆಲೆ ಎಲ್ಲ ಒಂದು ತೂಕವಾದರೆ ನಿನ್ನ ಆ ಮಾತೇ ಒಂದು ತೂಕ. ಅದಕ್ಕೇ, ಕೇಳಿಸಿಕೊಂಡ ಮೇಲೆ ಆಕೆ ಏನೆಂದಳು ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಧೈರ್ಯ ನಿನ್ನದೇ ಆಗಿರಲಿ.

ಹೇಳು.

ಇಂತಿ ನಿನ್ನ ಕುಡಿ,
ನಿನ್ನ ಅತ್ತೆಯ ಹೆಸರನ್ನೇ ಹೊತ್ತ
ಜಡೆಮ್ಮ