ಗಾಜಿನೊಳಗಿನ ಕರಿ ಕಂಬಳಿ

ಅಪ್ಪಾ,

ನೀನಿಲ್ಲದ ನಮ್ಮೂರು ಆದಿವಾಲಕ್ಕೆ ಪತ್ರ ಹಾಕಿ ಏನು ಫಲ? ಆದರೂ ಇವತ್ತಿನದನ್ನು ನಿನಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ದೆಹಲಿಯಲ್ಲಿ ಕೆಂಪುಕೋಟೆ ನೋಡಿ, ಮಧ್ಯಾಹ್ನ ಒಂದು ಮ್ಯೂಸಿಯಂಗೆ ಹೋದೆವು. ಅಲ್ಲಿ ಗಾಜಿನ ಹಿಂದೆ ಒಂದು ಕರಿ ಕಂಬಳಿ ಹಾಸಿಟ್ಟಿದ್ದರು. ಚಿತ್ರದುರ್ಗದ್ದು ಎಂದು ಬರೆದಿತ್ತು. ನೀನು ಮಗ್ಗದಿಂದ ಇಳಿಸಿ ಹುಣಸೆಬೀಜದ ಗಂಜಿ ಬಳಿಯುತ್ತಿದ್ದೆಯಲ್ಲ, ಥೇಟ್ ಅಂಥದ್ದೇ. ನನಗೇ ಗೊತ್ತಿಲ್ಲದಂತೆ ಚಪ್ಪಲಿ ಬಿಟ್ಟು ನಿಂತೆ.

ಹಿರಿಯೂರಿನಿಂದ ನಮ್ಮನ್ನು ಪ್ರವಾಸಕ್ಕೆ ಕರೆತಂದ ಕಾಟಪ್ಪ ನಕ್ಕ. "ಚಪ್ಪಲಿ ಯಾಕ್ ಬಿಟ್ರಿ ಮೇಡಂ? ಇದೇನ್ ಗುಡಿನಾ?"

"ಕಂಬಳಿ ಹಾಸಿದ್ ಮೇಲೆ ಅದು ದೇವ್ರ ಗದ್ದುಗೆ ಕಣಪ್ಪ. ಚಪ್ಪಲಿ ಹಾಕ್ಕಂಡು ಹತ್ರ ಹೋಗಂಗಿಲ್ಲ."

ನಮ್ಮ ಬಸ್ಸಿನವರೆಲ್ಲ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಕೊನೆಗೆ ಕಾಟಪ್ಪನೂ ಶೂ ಬಿಚ್ಚಿದ. "ಇಂಥ ಕಂಬಳಿ ನಿಮ್ಮನೇದೇನ್ರಿ?" ಎಂದು ಕೇಳಿದ.

"ನಮ್ಮನೇದೇ. ನಮ್ಮಪ್ಪ ನೇಯ್ತಿದ್ದ!" ಎಂದು ಕೂಗಿಯೇ ಹೇಳಿದೆ. ಕಾವಲಿನವನು ತಿರುಗಿ ನೋಡಿದ. ನೋಡಲಿ.

ಹಾಸ್ಟೆಲಿನಲ್ಲಿ ಗೆಳತಿಯರು ಇದೇ ಪ್ರಶ್ನೆ ಕೇಳಿದ ದಿನ, ನನಗೆಂದು ನೇಯ್ದ ಕಂಬಳಿ ಹಿಡಿದು ನೀನು ಬಾಗಿಲಲ್ಲೇ ನಿಂತಿದ್ದೆ. ಅವತ್ತು ನಾನು "ನಮ್ಮನೇದಲ್ಲ" ಎಂದು ಮೆಲ್ಲಗೆ ಹೇಳಿದ್ದೂ ನಿನಗೆ ಕೇಳಿಸಿತ್ತು.

ಇವತ್ತಿನದು ಕೇಳಿಸಿತಾ, ಅಪ್ಪಾ?