ಊದಿದ ಬ್ಯಾಟರಿಯನ್ನು ‘ಸಹಜ’ ಎಂದವರಿಗೆ

ಲ್ಯಾಪ್‌ಟಾಪ್ ಕಂಪನಿಯ ಕೊಲ್ಲಿ ವಲಯದ ಗ್ರಾಹಕ ಸುರಕ್ಷತಾ ಅಧಿಕಾರಿಗಳೇ,

‘ಸಣ್ಣ ಉದ್ದಿಮೆಗಳ ಸಂಗಾತಿ’ ಎಂದು ನೀವು ಮಾರುತ್ತಿರುವ ಅಗ್ಗದ ಲ್ಯಾಪ್‌ಟಾಪಿನ ಬ್ಯಾಟರಿ ಊದಿಕೊಳ್ಳುತ್ತದೆ. ಊದಿಕೊಂಡದ್ದು ಒಂದು ದಿನ ಹೊತ್ತಿಕೊಳ್ಳುತ್ತದೆ. ಇದನ್ನು ನಿಮಗೆ ಏಳು ಸಲ ಇಂಗ್ಲಿಷಿನಲ್ಲಿ ಬರೆದು ತಿಳಿಸಿದ್ದೇನೆ. ಏಳು ಸಲವೂ ಉತ್ತರ ಶುರುವಾದದ್ದು ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಸಾಲಿನಿಂದ. ಹಾಗಾಗಿ ಎಂಟನೆಯದನ್ನು ಕನ್ನಡದಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ನಿಮಗೆ ಅರ್ಥವಾಗದಿದ್ದರೆ ಚಿಂತೆಯಿಲ್ಲ. ಇಂಗ್ಲಿಷಿನಲ್ಲಿ ಅರ್ಥವಾದಾಗ ತಾವು ಮಾಡಿದ್ದಾದರೂ ಏನು? ಇದೇ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಈ ಪತ್ರ ಓದುತ್ತಿರುವ ಕನ್ನಡಿಗರು ಯಾರಾದರೂ ಇದ್ದರೆ, ದಯವಿಟ್ಟು ಮೊದಲು ಚಾರ್ಜರ್ ಕೀಳಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

ನಾನು ಸೌದಿಯ ಅಲ್ ಅಹ್ಸಾದಲ್ಲಿ, ಹೊಫೂಫ್ ಪೇಟೆಯಿಂದ ಸ್ವಲ್ಪ ಹೊರಗಿರುವ ಒಂದು ಖರ್ಜೂರ ಪ್ಯಾಕಿಂಗ್ ಕಾರ್ಖಾನೆಯ ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ಕಂಪ್ಯೂಟರ್, ಪ್ರಿಂಟರ್, ಗೇಟಿನ ಕ್ಯಾಮೆರಾ, ಹಾಜರಿ ಯಂತ್ರ, ಹೀಗೆ ತಂತಿ ಇರುವ ಎಲ್ಲದಕ್ಕೂ ನಾನೇ ದಿಕ್ಕು. ಎರಡು ವರ್ಷದ ಹಿಂದೆ ಕಚೇರಿಗೆ ಹನ್ನೊಂದು ಲ್ಯಾಪ್‌ಟಾಪ್ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನಿಮ್ಮದನ್ನು ಆರಿಸಿದೆ. ಸುಳ್ಳು ಹೇಳಲಾರೆ, ಮೊದಲ ವರ್ಷ ಅದು ಒಳ್ಳೆಯ ಯಂತ್ರವೇ ಆಗಿತ್ತು. ಕೀಲಿಮಣೆ ಬೆರಳಿಗೆ ಹಿತವಾಗಿತ್ತು. ಕಿಟಕಿಯ ಬಿಸಿಲಿಗೆ ಪರದೆ ಕನ್ನಡಿಯಂತೆ ಹೊಳೆಯುತ್ತಿರಲಿಲ್ಲ. ಅಡಿಯ ತಿರುಪು ಬಿಚ್ಚಿ ನಾವೇ ಮೆಮೊರಿ ಹಾಕಿಕೊಳ್ಳಬಹುದಿತ್ತು. ಇದನ್ನೆಲ್ಲ ಬರೆದು, ನೀವು ಮಾರುವ ಜಾಲತಾಣದಲ್ಲಿ ಐದು ನಕ್ಷತ್ರ ಕೊಟ್ಟೆ. ‘ಮನೆಯವರಿಗೂ ಧೈರ್ಯವಾಗಿ ಕೊಡಿಸಬಹುದು’ ಎಂದು ಕೊನೆಯಲ್ಲಿ ಸೇರಿಸಿದೆ. ಆ ಸಾಲನ್ನು ನೀವು ಮಾರಾಟದ ಪುಟದ ನೆತ್ತಿಯ ಮೇಲೆ ಇಟ್ಟಿರಿ. ನನ್ನನ್ನು ಕೇಳಲಿಲ್ಲ. ಆಗ ನನಗೆ ಅದರಿಂದ ಬೇಸರವೂ ಆಗಲಿಲ್ಲ; ರೂಮಿನವರಿಗೆಲ್ಲ ತೋರಿಸಿ ಬೀಗಿದ್ದೆ.

ಈ ಮೇ ತಿಂಗಳಲ್ಲಿ ರವಾನೆ ವಿಭಾಗದ ಯಂತ್ರವೊಂದರ ಟಚ್‌ಪ್ಯಾಡ್ ಎಷ್ಟು ಒತ್ತಿದರೂ ಒಳಗಿಳಿಯಲಿಲ್ಲ. ಧೂಳು ಕೂತಿರಬೇಕೆಂದುಕೊಂಡೆ. ವಾರದೊಳಗೆ ಅದರ ಮುಚ್ಚಳ ಸರಿಯಾಗಿ ಕೂರದಾಯಿತು. ಮೇಜಿನ ಮೇಲೆ ಇಟ್ಟರೆ ತೊಟ್ಟಿಲಿನಂತೆ ತೂಗುತ್ತಿತ್ತು. ಅಡಿ ಬಿಚ್ಚಿ ನೋಡಿದೆ. ತೆಳ್ಳಗೆ ಹಾಳೆಯಂತಿರಬೇಕಾದ ಬ್ಯಾಟರಿ ನೀರು ತುಂಬಿದ ಚೀಲದ ಹಾಗೆ ಉಬ್ಬಿಕೊಂಡು ಟಚ್‌ಪ್ಯಾಡನ್ನು ಒಳಗಿನಿಂದ ಎತ್ತುತ್ತಿತ್ತು. ದಮ್ಮಾಮ್‌ನಲ್ಲಿರುವ ನಿಮ್ಮ ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದವರು, ಸೆಖೆಗೆ ಸ್ವಲ್ಪ ಊದುವುದು ಇದ್ದದ್ದೇ, ಭಯ ಬೇಡ ಎಂದು ಹೇಳಿ ಚಹಾ ಕೊಟ್ಟು ಕಳಿಸಿದರು. ನಿಮ್ಮ ಕಚೇರಿಗೆ ಬರೆದೆ. ‘ಇದು ಸಹಜ ಹಿಗ್ಗುವಿಕೆ, ಮೂವತ್ತೈದು ಡಿಗ್ರಿ ಮೀರದ ವಾತಾವರಣದಲ್ಲಿ ಬಳಸತಕ್ಕದ್ದು’ ಎಂಬ ಉತ್ತರ ಬಂತು. ಮಾನ್ಯರೇ, ಈ ಯಂತ್ರವನ್ನು ನೀವು ಮಾರುತ್ತಿರುವುದು ಸೌದಿ ಅರೇಬಿಯಾದಲ್ಲಿ. ಜೂನ್ ತಿಂಗಳಲ್ಲಿ ಹೊಫೂಫ್‌ನ ನೆರಳಿಗೂ ನಲವತ್ತೇಳು ಡಿಗ್ರಿ. ಮೂವತ್ತೈದಕ್ಕೆ ಇಳಿಯಬೇಕೆಂದು ಇಲ್ಲಿನ ಸೂರ್ಯನಿಗೂ ತಮ್ಮ ಕಚೇರಿಯಿಂದ ಒಂದು ಇಮೇಲ್ ಹೋಗಿದೆಯೇ?

ಅಬ್ದುಲ್ಲ ಕುಂಞಿಯವರ ವಿಷಯಕ್ಕೆ ಬರುತ್ತೇನೆ. ಉಪ್ಪಿನಂಗಡಿ ಕಡೆಯವರು, ಐವತ್ತನಾಲ್ಕು ವರ್ಷ. ನಮ್ಮ ಕಾರ್ಖಾನೆಯ ಕೋಲ್ಡ್ ಸ್ಟೋರ್ ಹದಿನಾಲ್ಕು ವರ್ಷದಿಂದ ಅವರ ಕೈಯಲ್ಲಿದೆ. ನಮಗೆಲ್ಲ ಅವರು ಅಬ್ದುಲ್ಲಾಕ. ಯಾವ ತಳಿಯ ಪೆಟ್ಟಿಗೆ ಯಾವ ಸಾಲಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವರು. ಈ ವರ್ಷದ ಆರಂಭದಲ್ಲಿ, ಯಾವ ಬ್ಯಾಟರಿಯೂ ಊದುವ ಮೊದಲೇ, ಸ್ಟೋರಿನ ದಾಖಲೆಯೆಲ್ಲ ಕಂಪ್ಯೂಟರಿಗೆ ಹೋಯಿತು. ಕಲಿಯದವರು ಊರಿಗೆ ಹೋಗಬಹುದು ಎಂಬ ಮಾತು ಮೇಲಿನಿಂದ ಬಂತು. ಕಲಿಯಲು ಯಾವ ಲ್ಯಾಪ್‌ಟಾಪ್ ತೆಗೆದುಕೊಳ್ಳಲಿ ಎಂದು ಅಬ್ದುಲ್ಲಾಕ ನನ್ನನ್ನು ಕೇಳಿದರು. ನಾನು ನಿಮ್ಮದನ್ನೇ ಹೇಳಿದೆ. ರೂಮಿನಲ್ಲಿ ಮಂಚದ ಮೇಲೆ ಕೂತು, ಒಂದೊಂದೇ ಬೆರಳಿನಲ್ಲಿ ಅಕ್ಷರ ಹುಡುಕಿ, ನಾಲ್ಕು ತಿಂಗಳಲ್ಲಿ ಅವರು ಕಲಿತೇಬಿಟ್ಟರು.

ಜೂನ್ ತಿಂಗಳ ಎರಡನೇ ಶುಕ್ರವಾರ ಜುಮಾ ನಮಾಜು ಮುಗಿಸಿ, ಊಟ ಮಾಡಿ ಆ ರೂಮಿನ ಆರೂ ಮಂದಿ ಮಲಗಿದ್ದರು. ಲ್ಯಾಪ್‌ಟಾಪ್ ಅಬ್ದುಲ್ಲಾಕನ ಕಾಲಬುಡದಲ್ಲಿ ಚಾರ್ಜಿಗೆ ಇತ್ತು, ಪಕ್ಕದಲ್ಲಿ ಫೋನು. ಹಾವು ಬುಸುಗುಟ್ಟಿದಂಥ ಸದ್ದಿಗೆ ಅವರಿಗೆ ಎಚ್ಚರವಾಯಿತು. ಬಿಳಿ ಹೊಗೆ ಆಗಲೇ ಹೊದಿಕೆಯ ಮೇಲೆಲ್ಲ ಹರಡಿತ್ತು. ಉಳಿದವರನ್ನು ಎಬ್ಬಿಸುತ್ತ ನಿಂತಿದ್ದರೆ ಬಾಗಿಲ ಬಳಿಯ ಪರದೆಗೆ ಬೆಂಕಿ ಹತ್ತುತ್ತಿತ್ತು. ಆ ರೂಮಿಗೆ ಇರುವುದು ಅದೊಂದೇ ಬಾಗಿಲು. ಅವರು ಉರಿಯುತ್ತಿದ್ದ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೋಡಿ ಮರಳಿಗೆ ಎಸೆದರು. ಉಳಿದ ಐವರೂ ಬದುಕಿಕೊಂಡರು. ಅವರ ಕೈಗಳ ಚರ್ಮ ಆ ಪ್ಲಾಸ್ಟಿಕ್ಕಿನ ಜೊತೆಗೇ ಹೋಯಿತು.

ಮೂರು ವಾರ ಆಸ್ಪತ್ರೆಯಲ್ಲಿದ್ದರು. ಬೆರಳ ತುದಿಯ ಗೆರೆಗಳು ಮತ್ತೆ ಮೂಡಬಹುದು, ಮೂಡದೆಯೂ ಇರಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಇದು ಎಂಥ ಮಾತೆಂದು ನಿಮಗೆ ಹೊಳೆಯಿತೇ? ಈ ನಾಡಿನಲ್ಲಿ ನಮ್ಮಂಥವರು ಮೊದಲು ಬೆರಳಚ್ಚು, ಆಮೇಲೆ ಮನುಷ್ಯರು. ಸುಟ್ಟುಹೋದ ಫೋನಿನ ಬದಲಿಗೆ ಹೊಸ ಸಿಮ್ ಕೇಳಲು ಹೋದರೆ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ನಮ್ಮ ಹಾಜರಿ ಯಂತ್ರವೂ ಒಪ್ಪಲಿಲ್ಲ. ಮ್ಯಾನೇಜರ್ ಒಳ್ಳೆಯವರು, ದಿನವೂ ಕಾಗದದ ಮೇಲೆ ಹಾಜರಿ ಹಾಕಿಕೊಡುತ್ತಾರೆ. ಆದರೆ ಕೋಲ್ಡ್ ಸ್ಟೋರಿನ ಬಾಗಿಲು ಕಾಗದ ಓದುವುದಿಲ್ಲ. ಹದಿನಾಲ್ಕು ವರ್ಷ ತಾನೇ ತೆರೆದ ಬಾಗಿಲ ಮುಂದೆ ಅಬ್ದುಲ್ಲಾಕ ಈಗ ಬ್ಯಾಂಡೇಜಿನ ಕೈ ಎದೆಗೆ ಒತ್ತಿಕೊಂಡು, ಯಾರದಾದರೂ ಬೆರಳು ಬರಲೆಂದು ಕಾಯುತ್ತಾರೆ.

ಊರಿನಲ್ಲಿರುವ ಹೆಂಡತಿ ಹವ್ವಮ್ಮನಿಗೆ ಅವರು ಇನ್ನೂ ನಿಜ ಹೇಳಿಲ್ಲ; ಈ ಪತ್ರ ಹೊರಬರುವ ಮೊದಲು ತಾನೇ ಹೇಳುತ್ತೇನೆ ಎಂದಿದ್ದಾರೆ. ನನ್ನ ಫೋನಿನಲ್ಲಿ ವಿಡಿಯೊ ಕರೆ ಮಾಡುತ್ತಾರೆ. ಕೈ ಕಾಣದಂತೆ ಫೋನನ್ನು ನಾನು ಹಿಡಿಯುತ್ತೇನೆ. ಕುಕ್ಕರಿನ ಹಬೆ ತಾಗಿತು, ವಾಸಿಯಾಗುತ್ತ ಬಂತು ಎಂದಷ್ಟೇ ಹವ್ವಮ್ಮನಿಗೆ ಗೊತ್ತು. ಒಂದು ದಿನ ಕರೆ ಮುಗಿದ ಮೇಲೆ ನಾನು ಅಬ್ದುಲ್ಲಾಕನ ಎದುರು ಕೂತು, ಎಲ್ಲ ನನ್ನಿಂದಲೇ ಆದದ್ದು ಎಂದೆ.

“ನೀನು ಒಳ್ಳೇದುಂಟು ಅಂತ ಹೇಳಿದ್ದಿ, ನಾನು ತೆಗೊಂಡೆ. ಅದ್ರಲ್ಲಿ ನಿಂದು ತಪ್ಪೆಂತ ಮಾರಾಯ?” ಎಂದರು. “ಆದ್ರೆ ಬೇರೆ ಯಾರಿಗೆಲ್ಲ ಹೇಳಿದ್ದಿ, ಅದು ನೆನಪು ಮಾಡು. ಇವತ್ತೇ ಮಾಡು.”

ನಿಮ್ಮ ತನಿಖೆಯ ಕತೆಯನ್ನೂ ಜನ ಕೇಳಲಿ. ರಿಯಾದ್‌ನಿಂದ ಬಂದ ನಿಮ್ಮ ಪ್ರತಿನಿಧಿ ಬಹಳ ಸಭ್ಯರು. ಸುಟ್ಟ ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಹೋದರು. ಹದಿನೆಂಟು ದಿನದ ನಂತರ ವರದಿ ಬಂತು: ‘ಬಳಕೆದಾರನ ನಿರ್ಲಕ್ಷ್ಯ. ಮೇಜಿನ ಬದಲು ಮೆತ್ತನೆಯ ಮೇಲ್ಮೈಯ ಮೇಲೆ ಇಡಲಾಗಿತ್ತು.’ ಆ ರೂಮಿನಲ್ಲಿ ಆರು ಮಂಚ, ಒಂದು ಕಪಾಟು. ಮೇಜು ಹಾಕುವಷ್ಟು ಜಾಗ ಉಳಿದಿದ್ದರೆ ಅಲ್ಲಿಗೆ ಏಳನೆಯವನ ಮಂಚ ಬರುತ್ತಿತ್ತು. ಹಾಗಾದರೆ ಕಚೇರಿಯ ಗಟ್ಟಿ ಮೇಜಿನ ಮೇಲಿದ್ದ ಹನ್ನೊಂದನ್ನೂ ನಾನು ಬಿಚ್ಚಿ ನೋಡಿದಾಗ ಏಳು ಯಾಕೆ ಊದಿದ್ದವು? ಇದಕ್ಕೆ ನಿಮ್ಮ ವರದಿಯಲ್ಲಿ ಉತ್ತರವಿಲ್ಲ. ವರದಿಯ ಜೊತೆ ಒಂದು ಒಪ್ಪಂದ ಪತ್ರ ಮಾತ್ರ ಇತ್ತು: ನಮ್ಮ ಯಂತ್ರಗಳಿಗೆಲ್ಲ ಹೊಸ ಬ್ಯಾಟರಿ ಉಚಿತ, ಪ್ರತಿಯಾಗಿ ನಾವು ಈ ವಿಷಯ ಎಲ್ಲೂ ಬಾಯಿಬಿಡಬಾರದು. ದೋಷವೇ ಇಲ್ಲದ ಯಂತ್ರಕ್ಕೆ ನಮ್ಮ ಮೌನವನ್ನು ಕೊಳ್ಳುವ ಅವಸರ ಏಕೆ ಬಂತು, ಸ್ವಾಮಿ? ನಾವು ಸಹಿ ಹಾಕಲಿಲ್ಲ. ನನ್ನ ಹಳೆಯ ವಿಮರ್ಶೆಯನ್ನು ತಿದ್ದಿ ಎಚ್ಚರಿಕೆ ಬರೆದೆ. ‘ಮಾರ್ಗಸೂಚಿಗೆ ಹೊಂದುವುದಿಲ್ಲ’ ಎಂದು ಎಚ್ಚರಿಕೆ ಅಳಿಸಿಹೋಯಿತು. ಹಳೆಯ ಹೊಗಳಿಕೆ ಇಂದಿಗೂ ನನ್ನ ಹೆಸರಿನಲ್ಲೇ ನಿಂತಿದೆ, ದಿನವೂ ಯಾರನ್ನೋ ನಿಮ್ಮ ಅಂಗಡಿಗೆ ಕರೆತರುತ್ತಿದೆ.

ಅಬ್ದುಲ್ಲಾಕ ಹೇಳಿದಂತೆ ನೆನಪು ಮಾಡಿದೆ. ನನ್ನ ಮಾತು ನಂಬಿ ಸ್ವಂತಕ್ಕೆ ಕೊಂಡವರು ಇನ್ನೂ ಆರು ಜನ. ನಾಲ್ವರು ಹೊಫೂಫ್‌ನಲ್ಲೇ ಇದ್ದರು. ಅವರ ಬ್ಯಾಟರಿಗಳನ್ನು ನಾನೇ ಬಿಚ್ಚಿ ಕಾರ್ಖಾನೆಯ ಹಿಂದೆ ಮರಳು ತುಂಬಿದ ಡ್ರಮ್ಮಿನಲ್ಲಿ, ಕಚೇರಿಯ ಹನ್ನೊಂದರ ಜೊತೆಗೆ ಹೂತಿದ್ದೇನೆ. ಐದನೆಯದನ್ನು ಕೊಡಿಸಿದವನು ನಾನೇ. ವಿಟ್ಲದಲ್ಲಿರುವ ನನ್ನ ಅಕ್ಕ ಆಯಿಶತ್‌ಳ ಮಗಳು ಫರ್ಝಾನಾ ಬಿ.ಎಡ್. ಓದುತ್ತಾಳೆ, ಕಳೆದ ವರ್ಷ ಊರಿಗೆ ಹೋದಾಗ ಒಯ್ದು ಕೊಟ್ಟಿದ್ದೆ. ಫೋನ್ ಮಾಡಿದೆ. ಯಂತ್ರ ಹೇಗಿದೆ ಎಂದು, ಧ್ವನಿ ಆದಷ್ಟು ಸಪ್ಪೆ ಮಾಡಿಕೊಂಡು ಕೇಳಿದೆ.

“ಲಾಯ್ಕುಂಟು ಮಾಮ,” ಎಂದಳು. “ಟಚ್‌ಪ್ಯಾಡ್ ಮಾತ್ರ ಸ್ವಲ್ಪ ಮೇಲೆ ಬಂದಿದೆ. ಮುಚ್ಚಲಿಕ್ಕೆ ಆಗುದಿಲ್ಲ ಅಂತ ಮೇಲೆ ಎರಡು ಪುಸ್ತಕ ಇಟ್ಟಿದ್ದೇನೆ.”

ಎಲ್ಲಿ ಇಟ್ಟಿದ್ದೀ ಎಂದೆ. ಉಮ್ಮನ ಮಂಚದ ಮೇಲೆ, ಚಾರ್ಜಿಗೆ ಹಾಕಿದ್ದೇನೆ ಎಂದಳು. ಪ್ಲಗ್ಗಿನ ಸ್ವಿಚ್ ಆರಿಸಿ, ಪುಸ್ತಕ ತೆಗೆದು, ಯಂತ್ರವನ್ನು ಮೆಲ್ಲ ಎತ್ತಿ ಅಂಗಳದ ನಡುವೆ ಇಡು ಎಂದು ಹೇಳಿದೆ. ಅವಳ ಹೆಜ್ಜೆಯ ಸದ್ದು, ಬಾಗಿಲಿನ ಸದ್ದು, ಕೋಳಿಗಳು ಚದುರಿದ ಸದ್ದು ಕೇಳಿಸಿತು. ಇಟ್ಟೆ ಮಾಮ ಎನ್ನುವಷ್ಟರಲ್ಲಿ ಅರ್ಧ ನಿಮಿಷ ಕಳೆದಿತ್ತು. ಆ ಅರ್ಧ ನಿಮಿಷವನ್ನು ತಮ್ಮ ‘ಸಹಜ ಹಿಗ್ಗುವಿಕೆ’ಯ ಕಡತಕ್ಕೆ ಸೇರಿಸಿಕೊಳ್ಳಿ.

ಆರನೆಯದನ್ನು ಕೊಂಡವರು ಕೆಲಸ ಬಿಟ್ಟು ಊರಿಗೆ ಹೋಗುವಾಗ ರಿಯಾದ್‌ನ ಬತ್ಹಾದಲ್ಲಿ ಒಂದು ಹಳೇ ಸಾಮಾನಿನ ಅಂಗಡಿಗೆ ಕೊಟ್ಟಿದ್ದರು. ಮೂರು ಶುಕ್ರವಾರಗಳ ಹಿಂದೆ ಬಸ್ಸು ಹತ್ತಿ ಹೋದೆ. ಅಂಗಡಿ ಭಟ್ಕಳದ ಗುಲಾಮ್ ಮುಹಮ್ಮದ್ ಅವರದ್ದು. ಹಿರಿಯರು, ಕೂರಿಸಿ ನೀರು ಕೊಟ್ಟು ನಾನು ಹೇಳಿದ್ದನ್ನೆಲ್ಲ ಕೇಳಿದರು. ಫೋನಿನಲ್ಲಿ ಯಂತ್ರದ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

“ಒಂದಲ್ಲ,” ಎಂದರು. “ಇದೇ ಮಾಡೆಲ್ ಈ ವರ್ಷ ಒಂಬತ್ತು ಬಂದಿತ್ತು ನನ್ನ ಹತ್ರ. ಟಚ್‌ಪ್ಯಾಡ್ ಸರಿ ಕೂರುದಿಲ್ಲ ಅಂತ ಕಡಿಮೆಗೆ ಕೊಟ್ಟೆ. ಎಲ್ಲ ಹೋಯ್ತು.”

ಯಾರಿಗೆ ಎಂದು ಕೇಳಿದೆ. ಅವರು ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದು ಗಲ್ಲಿಯ ಕಡೆ ನೋಡಿದರು. ನಾನೂ ನೋಡಿದೆ. ಎರಡೂ ಬದಿಗೆ ನಾಲ್ಕು, ಐದು ಅಂತಸ್ತಿನ ಕಟ್ಟಡಗಳು. ಪ್ರತಿ ಕಿಟಕಿಯ ಹಿಂದೆ ಒಂದು ರೂಮು, ಪ್ರತಿ ರೂಮಿನಲ್ಲಿ ಆರೋ ಎಂಟೋ ಮಂಚ. ಜುಮಾ ಮುಗಿದಿತ್ತು. ಎಲ್ಲರೂ ಉಂಡು ಮಲಗುವ ಹೊತ್ತು.

ಆದುದರಿಂದ ನನ್ನ ಬೇಡಿಕೆ ಇಷ್ಟೇ. ಈ ಮಾದರಿಯ ಎಲ್ಲ ಯಂತ್ರಗಳನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅವುಗಳ ಸರಣಿ ಸಂಖ್ಯೆಯನ್ನು ಅರಬಿ, ಉರ್ದು, ಮಲಯಾಳ, ಬಂಗಾಳಿ, ಕನ್ನಡದಲ್ಲಿ ಪ್ರಕಟಿಸಿ. ಅಬ್ದುಲ್ಲ ಕುಂಞಿಯವರ ಕೈ ಸುಟ್ಟದ್ದು ಅವರ ನಿರ್ಲಕ್ಷ್ಯದಿಂದಲ್ಲ ಎಂದು ಬರೆದು ಸಹಿ ಹಾಕಿ. ಸಹಿ ಹಾಕಲು ನಿಮ್ಮ ಬೆರಳುಗಳು ಇನ್ನೂ ಇವೆ. ತನಿಖೆಗೆ ಇನ್ನೂ ಸಮಯ ಬೇಕೆಂದು ಮಾತ್ರ ಹೇಳಬೇಡಿ. ಸೆಪ್ಟೆಂಬರ್ ಮುಗಿಯುವವರೆಗೂ ಇಲ್ಲಿ ಸೆಖೆ ಇಳಿಯುವುದಿಲ್ಲ, ಮತ್ತು ಬತ್ಹಾದ ಆ ಒಂಬತ್ತು ರೂಮುಗಳು ಯಾವುವೆಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಅಲ್ಲಿ ಮಲಗಿರುವವರಿಗೂ ಗೊತ್ತಿಲ್ಲ.

ಇಂತಿ,
ಪ್ರತಿ ಶುಕ್ರವಾರ ಬತ್ಹಾದ ಬಾಗಿಲುಗಳನ್ನು ಒಂದೊಂದಾಗಿ ತಟ್ಟುತ್ತಿರುವ,
ನೌಶಾದ್ ವಿಟ್ಲ
ಹೊಫೂಫ್, ಅಲ್ ಅಹ್ಸಾ