ಅಕ್ಕನ ಕಿವಿಯ ಮಷೀನು ಮತ್ತು ನನ್ನ ದೊಡ್ಡ ದನಿ

ಶ್ರವಣಯಂತ್ರ ಕಂಪನಿಯ ಗ್ರಾಹಕ ಸೇವೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಕಿವಿ ಮಂದವಾದವರಿಗೆ ನೀವು ಯಂತ್ರ ಮಾರುತ್ತೀರಿ. ಆ ಯಂತ್ರ ಕೆಟ್ಟರೆ ದೂರನ್ನು ಫೋನಿನಲ್ಲಿಯೇ ಹೇಳಬೇಕು ಎಂದು ನಿಯಮ ಮಾಡಿದ್ದೀರಿ. ಫೋನು ಎತ್ತುವುದು ಮನುಷ್ಯರೂ ಅಲ್ಲ, ಮೊದಲೇ ತುಂಬಿಟ್ಟ ಒಂದು ದನಿ. ಮರಾಠಿ ಬೇಕಾದವರು ಯಾವ ಅಂಕಿ ಒತ್ತಬೇಕು, ಹಿಂದಿ ಬೇಕಾದವರು ಯಾವುದನ್ನು ಒತ್ತಬೇಕು ಎಂದು ಅದು ಬಹಳ ವಿನಯದಿಂದ ಹೇಳುತ್ತದೆ. ಕಿವಿ ಕೇಳದವರು ಏನು ಒತ್ತಬೇಕು ಎಂದು ಹೇಳುವುದಿಲ್ಲ; ಹೇಳಿದರೂ ಅವರಿಗೆ ಕೇಳುವುದಿಲ್ಲ. ಈ ನಿಯಮವನ್ನು ಮಾಡಿದ ದಿನ ನಿಮ್ಮ ಕೋಣೆಯಲ್ಲಿ ಯಾರು ಯಾರು ಕೂತಿದ್ದರು? ಅವರಲ್ಲಿ ಒಬ್ಬರಿಗಾದರೂ ನಗು ಬರಲಿಲ್ಲವೇ?

ನನ್ನ ಅಕ್ಕ ಕಾಶವ್ವನ ಮಷೀನನ್ನು ಶಿವಾಜಿನಗರದ ನಿಮ್ಮ ಸರ್ವಿಸ್ ಸೆಂಟರಿಗೆ ರಿಪೇರಿಗೆ ಕೊಟ್ಟಾಗ ಪೇಟೆಯಲ್ಲಿ ಹಾಪೂಸು ಮಾವಿನ ಪೆಟ್ಟಿಗೆಗಳು ಬಂದಿದ್ದವು. ಈಗ ಗಣಪತಿ ಮುಳುಗಿ, ದಸರೆಯ ಚೆಂಡುಹೂವು ಬಂದಿದೆ. ಮಷೀನು ಬಂದಿಲ್ಲ. ಇದಿಷ್ಟೇ ಆಗಿದ್ದರೆ ಸಿಟ್ಟಿನಿಂದ ನಾಲ್ಕು ಸಾಲು ಬರೆದು ಮುಗಿಸುತ್ತಿದ್ದೆ. ಆದರೆ ನನ್ನ ಸಿಟ್ಟಿನ ಮೇಲೆ ಈಗ ನಾಚಿಕೆ ಬಂದು ಕೂತಿದೆ. ಆ ನಾಚಿಕೆಯೆಲ್ಲ ನಮ್ಮ ಕಡೆಗೇ ಉಳಿದು, ನಿಮ್ಮ ಕಡೆಗೆ ಚೂರೂ ಬಾರದೆ ಹೋದದ್ದು ನ್ಯಾಯವಲ್ಲ ಎನಿಸಿತು. ನಿಮ್ಮ ಪಾಲನ್ನು ನಿಮಗೆ ಮುಟ್ಟಿಸಲು ಈ ಪತ್ರ.

ನಾನು ಸವದತ್ತಿ ಕಡೆಯ ಹಳ್ಳಿಯವನು, ನೌಕರಿಗೆಂದು ಪುಣೆಗೆ ಬಂದು ಇಲ್ಲಿಯೇ ಮುದುಕನಾದವನು. ನಮ್ಮೂರಲ್ಲಿ ಕಥೆ ಹೇಳುವವರ ಎದುರಿಗೆ ಹೂಂ ಅನ್ನುವವರು ಒಬ್ಬರು ಕೂರಲೇಬೇಕು. ಹೂಂ ಬಂದರೆ ರಾಜಕುಮಾರ ಕುದುರೆ ಹತ್ತುತ್ತಾನೆ. ಬಾರದಿದ್ದರೆ ರಿಕಾಪಿನಲ್ಲಿ ಕಾಲಿಟ್ಟುಕೊಂಡು ಅಲ್ಲಿಯೇ ನಿಲ್ಲುತ್ತಾನೆ. ನಾನು ಕಥೆ ಹೇಳಲು ಕಲಿತ ದಿನದಿಂದ ನನಗೆ ಹೂಂ ಅಂದವಳು ಅಕ್ಕ. ಬೇಕಾದ ಕಡೆ ಬೇಕಾದಷ್ಟೇ ಅನ್ನುತ್ತಿದ್ದಳು. ಕಥೆ ಸುಳ್ಳಿಗೆ ತಿರುಗಿದರೆ ಆ ಹೂಂ ಸ್ವಲ್ಪ ಉದ್ದವಾಗುತ್ತಿತ್ತು, ನಾನು ದಾರಿಗೆ ಬರುತ್ತಿದ್ದೆ. ವಾಕಡದ ನಮ್ಮ ಫ್ಲಾಟಿನಲ್ಲಿ ಈಗ ಇರುವುದು ನಾವಿಬ್ಬರೇ. ಊಟವಾದ ಮೇಲೆ ಒಂದು ಕಥೆ ಇಂದಿಗೂ ನಡೆಯುತ್ತದೆ. ಮಷೀನು ಹೋದ ಮೇಲೆ ಅವಳು ನನ್ನ ತುಟಿ ನಿಲ್ಲುವುದನ್ನು ನೋಡಿ ಹೂಂ ಅನ್ನುತ್ತಾಳೆ. ರಾಜ ಸತ್ತರೂ ಹೂಂ, ಮದುವೆಯಾದರೂ ಹೂಂ, ಕುಕ್ಕರು ಸೀಟಿ ಹಾಕಿತೇನು ಎಂದು ಕೇಳಿದರೂ ಹೂಂ.

ಮನೆಯೊಳಗಾದರೆ ನಕ್ಕು ಬಿಡಬಹುದಿತ್ತು. ನಮ್ಮ ಸೊಸೈಟಿಯ ಕೆಳಗೆ ಬೇವಿನ ಮರದ ಹತ್ತಿರ ಒಂದು ಬೆಂಚು ಇದೆ. ಸಂಜೆಗೆ ಹೆಂಗಸರು ಅಲ್ಲಿ ಸೇರುತ್ತಾರೆ. ಅಕ್ಕನಿಗೆ ಮರಾಠಿ ಅರ್ಧ ಬರುತ್ತದೆ, ನಗು ಪೂರ್ತಿ ಬರುತ್ತದೆ; ಆ ಬೆಂಚಿಗೆ ಅಷ್ಟು ಸಾಕಾಗಿತ್ತು. ಅಲ್ಲಿ ಇಂದೂತಾಯಿ ಎಂಬವರು ದಿನವೂ ತಮಾಷೆಯ ಮಾತಾಡಿ ಎಲ್ಲರನ್ನೂ ನಗಿಸುವವರು. ಮಷೀನು ನಿಮ್ಮ ಕೈ ಸೇರಿದ ಮೇಲೆ ಒಂದು ಸಂಜೆ ಅವರು ಊರಿನಲ್ಲಿದ್ದ ತಮ್ಮ ಅಣ್ಣ ತೀರಿಕೊಂಡದ್ದನ್ನು ಹೇಳುತ್ತಿದ್ದರು. ಅಕ್ಕ ಎಂದಿನಂತೆ ಅವರ ಬಾಯಿ ನೋಡುತ್ತ ಕೂತು, ಮಾತು ನಿಂತ ಕೂಡಲೇ ಗಟ್ಟಿಯಾಗಿ ನಕ್ಕು, ಭೇಷ್ ಎಂಬಂತೆ ಅವರ ತೊಡೆಯ ಮೇಲೆ ತಟ್ಟಿದಳು.

ಬೆಂಚಿನ ಮೇಲೆ ಬೇರೆ ಯಾರೂ ನಗಲಿಲ್ಲವಂತೆ. ಅದೇ ಅವಳಿಗೆ ತಿಳಿಸಿತು. ಅಂದಿನಿಂದ ಅವಳು ಕೆಳಗೆ ಇಳಿದಿಲ್ಲ. ಬಾಲ್ಕನಿಯಲ್ಲಿ ನಿಂತು ಬೆಂಚು ನೋಡುತ್ತಾಳೆ. ಕೆಳಗಿನವರು ಯಾರಾದರೂ ಕತ್ತೆತ್ತಿದರೆ ಒಣಹಾಕಿದ ಸೀರೆಯ ಹಿಂದೆ ಸರಿಯುತ್ತಾಳೆ. ನಾನೇ ಹೋಗಿ ಇಂದೂತಾಯಿಯವರಿಗೆ ಹೇಳಿ ಬರುತ್ತೇನೆ ಎಂದರೆ ಒಪ್ಪಲಿಲ್ಲ.

"ತಪ್ಪು ಮಾಡಿದಾಕಿ ನಾನು, ನೀ ಯಾಕ ಹೋಗ್ತಿ? ಮಷೀನ್ ಬರಲಿ, ಮಾಫಿ ಕೇಳ್ತೀನಿ. ಕೇಳಿದ ಮ್ಯಾಲೆ ಆಕಿ ಏನಂತಾಳ, ಅದು ನನ್ನ ಕಿವೀಗೆ ಬೀಳಬೇಕಲ್ಲೋ ಫಕೀರಾ" ಎಂದಳು.

ಮಾನ್ಯರೇ, ನೀವು ತಡೆದಿಟ್ಟುಕೊಂಡು ಕೂತಿರುವುದು ಈ ಮಾಫಿಯನ್ನು.

ನಿಮ್ಮ ಫೋನಿನ ದನಿಯನ್ನು ದಾಟಿ ಒಮ್ಮೆ ಮನುಷ್ಯರೊಬ್ಬರು ಸಿಕ್ಕರು. ಗ್ರಾಹಕರು ಯಾರೋ ಅವರೇ ಮಾತಾಡಬೇಕು, ದೂರು ದಾಖಲಿಸಲು ಅವರ ದನಿಯಲ್ಲಿಯೇ ಒಪ್ಪಿಗೆ ಬೇಕು ಎಂದರು. ಗ್ರಾಹಕರಿಗೆ ಕಿವಿ ಕೇಳುವುದಿಲ್ಲ, ದೂರು ಇರುವುದೇ ಅದು ಎಂದೆ. ನಿಮ್ಮ ತೊಂದರೆ ಅರ್ಥವಾಗುತ್ತದೆ, ಗ್ರಾಹಕರಿಗೆ ಫೋನು ಕೊಡಿ ಎಂದರು. ಕೊಟ್ಟೆ. ಅಕ್ಕ ಫೋನನ್ನು ಕಿವಿಗೆ ಹಿಡಿದು, "ಹಲೋ, ಯಾರ್ರೀ? ಅರಾಮಿದ್ದೀರೇನ್ರಿ? ಮಕ್ಕಳೆಲ್ಲಾ ಚೊಲೊ ಅದಾರೇನ್ರಿ?" ಎಂದು ಬಹಳ ಹೊತ್ತು ಕುಶಲ ವಿಚಾರಿಸಿ ನನಗೆ ವಾಪಸು ಕೊಟ್ಟಳು. ಆ ಕಡೆಯವರು ಎಂದೋ ಇಟ್ಟುಬಿಟ್ಟಿದ್ದರು.

ಆಮೇಲೆ ಶುರುವಾದದ್ದು ಶಿವಾಜಿನಗರದ ಓಡಾಟ. ಗ್ರಾಹಕರು ಖುದ್ದಾಗಿ ಬರಬೇಕೆಂಬ ನಿಮ್ಮ ಇನ್ನೊಂದು ನಿಯಮದಿಂದಾಗಿ ಪ್ರತಿ ಸಲವೂ ಅಕ್ಕನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಬೇಕು. ನಿಮ್ಮ ಸೆಂಟರಿನಲ್ಲಿ ಎಸಿ ಇದೆ, ನಗುವ ಮುದುಕರ ದೊಡ್ಡ ಫೋಟೋಗಳಿವೆ. ಕೌಂಟರಿನ ಹಿಂದೆ ಹುಡುಗಿಯರು ಕೂರುತ್ತಾರೆ, ಅವರ ಹಿಂದೆ ಗಾಜಿನ ಕೋಣೆಯಲ್ಲಿ ಅವರ ಸಾಹೇಬರು. ಆ ಹುಡುಗಿಯರಲ್ಲಿ ಒಬ್ಬಾಕೆಯನ್ನು ಇಲ್ಲಿ ಹರ್ಷದಾ ಎಂದು ಕರೆಯುತ್ತೇನೆ. ಅದು ಆಕೆಯ ಹೆಸರಲ್ಲ, ಹುಡುಕುವ ಕಷ್ಟ ತೆಗೆದುಕೊಳ್ಳಬೇಡಿ. ನಾವು ಹೋದಾಗಲೆಲ್ಲ ಆಕೆ ಮರಾಠಿಯಲ್ಲಿ ಒಂದೇ ಮಾತು ಹೇಳುತ್ತಿದ್ದಳು: "ಪರವಾ ಯಾ, ಕಾಕಾ." ನಾಡಿದ್ದು ಬನ್ನಿ. ನಾಡಿದ್ದು ಹೋದರೆ ಇನ್ನೊಂದು ನಾಡಿದ್ದು ಕಾಯುತ್ತಿರುತ್ತಿತ್ತು.

ಇಲ್ಲಿ ಪುಣೆಯ ನಮ್ಮ ಕನ್ನಡಿಗರ ಒಂದು ಚಟವನ್ನು ನಿಮಗೆ ಹೇಳಬೇಕು. ಅಂಗಡಿಯವರ ಜೊತೆ ನಾವು ಮರಾಠಿಯಲ್ಲಿ ಮಾತಾಡುತ್ತೇವೆ, ಅಂಗಡಿಯವರ ಬಗ್ಗೆ ಕನ್ನಡದಲ್ಲಿ. "ಕಿತೀಲಾ ದಿಲಾ, ಭಾವೂ?" ಎಂದು ನಗುತ್ತ ಬೆಲೆ ಕೇಳಿ, ಅದೇ ನಗೆಯಲ್ಲಿ ಪಕ್ಕದವರಿಗೆ, "ಬಾಡಿದ್ದು ಹಾಕಾಕತ್ಯಾನ, ಮುಂದ ನಡಿ" ಎನ್ನುತ್ತೇವೆ. ಕನ್ನಡವೆಂದರೆ ನಮಗೆ ಎಲ್ಲಿ ಬೇಕಾದರೂ ಇಳಿಬಿಟ್ಟುಕೊಳ್ಳಬಹುದಾದ ಒಂದು ಪರದೆ. ಸೊಲ್ಲಾಪುರದ ಕಡೆಯವರು, ಬೆಳಗಾವಿಯವರು ಈ ಊರಿನ ಗಲ್ಲಿಗಲ್ಲಿಯಲ್ಲಿದ್ದಾರೆ, ನಮಗೆ ಅದು ಗೊತ್ತಿದೆ. ಆದರೂ ಬೈಯುವಾಗ ನೆನಪಾಗುವುದಿಲ್ಲ.

ಕಳೆದ ವಾರ ಮತ್ತೊಂದು ನಾಡಿದ್ದು ಸಿಕ್ಕ ಮೇಲೆ ಅಕ್ಕ, "ಏನಂತೋ?" ಎಂದು ಕೇಳಿದಳು. ನಾನು ಪರದೆ ಇಳಿಬಿಟ್ಟೆ. ಆದರೆ ಅಕ್ಕನಿಗೆ ಕಿವಿ ಕೇಳುವುದಿಲ್ಲವಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ದನಿಯಲ್ಲಿ, ಕಾಯುತ್ತ ಕೂತ ಅಷ್ಟೂ ಜನರ ಎದುರಿಗೆ ಹೇಳಿದೆ:

"ಬಾಯಿ ತೆಗದ್ರ ಬರೇ ಸುಳ್ಳು ಹೇಳ್ತಾಳ ಯಕ್ಕಾ. ನಾಚಿಕಿ, ಮಾನ ಏನೂ ಇಲ್ಲ. ಇಂಥಾಕೀನ ಹಡದಾಕಿ ಏನ್ ತಿಂದು ಹಡದಾಳೋ ಏನೋ."

ಹರ್ಷದಾ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. ಏನೋ ಟೈಪು ಮಾಡುತ್ತಿದ್ದುದನ್ನು ಮುಗಿಸಿದಳು. ಆಮೇಲೆ ತಣ್ಣಗೆ ಹೇಳಿದಳು:

"ಜ್ವಾಳದ ರೊಟ್ಟಿ ತಿಂದು ಹಡದಾಳ್ರಿ, ಕಾಕಾರ. ನಮ್ಮವ್ವ ಬೈಲಹೊಂಗಲದಾಕಿ."

ಮಾನ್ಯರೇ, ಆಗ ನನಗೆ ಎಸಿಯ ಸದ್ದೂ ಕೇಳಿಸಲಿಲ್ಲ. ಬೈಲಹೊಂಗಲ ನಮ್ಮ ಪಕ್ಕದ ತಾಲೂಕು. ಅವಳ ತಾಯಿ ನಮ್ಮೂರ ಬಸ್ಸಿನಲ್ಲಿ ನನ್ನ ಮಗ್ಗುಲಿಗೆ ನಿಂತು ಪ್ರಯಾಣ ಮಾಡಿದ್ದರೂ ಮಾಡಿರಬಹುದು. ಇಷ್ಟು ಕಾಲ ಆ ಹುಡುಗಿ ನನ್ನ ಪರದೆಯ ಒಳಗಿನದನ್ನೆಲ್ಲ ಕೇಳಿಸಿಕೊಂಡು, ನನ್ನನ್ನು ಕಾಕಾ ಎಂದೇ ಕರೆದಿದ್ದಳು.

ಅಕ್ಕ ಬಿಡಬೇಕಲ್ಲ. "ಏನಂದ್ಲೋ?" ಎಂದಳು.

"ಏನಿಲ್ಲ."

"ಏನಿಲ್ಲಂದ್ರ ನಿನ್ನ ಮಾರಿ ಯಾಕ ಹಂಗಾತು?"

ಬೇರೆ ದಾರಿ ಇರಲಿಲ್ಲ. "ಆಕೀ ಅವ್ವ ರೊಟ್ಟಿ ತಿಂದು ಹಡದಾಳಂತ" ಎಂದು ಅದೇ ದನಿಯಲ್ಲಿ ನಾನೇ ಕೂಗಿ ಹೇಳಬೇಕಾಯಿತು. ಅಕ್ಕ ನನ್ನನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಎದ್ದು ಹೋಗಿ ಕೌಂಟರಿನ ಮೇಲಿದ್ದ ಆಕೆಯ ಕೈ ಹಿಡಿದಳು.

"ನನ್ನ ತಮ್ಮನ ಕಿವಿ ಚೊಲೊ ಅದಾವ ತಂಗಿ, ಬಾಯಿ ಕೆಟ್ಟದ. ಅದನ್ನೂ ರಿಪೇರಿಗೆ ಇಟ್ಕೊಂಡುಬಿಡ್ರಿ" ಎಂದಳು.

ಹರ್ಷದಾ ನಕ್ಕಳು. ನಗುತ್ತಲೇ ಆಕೆಯ ಕಣ್ಣು ತುಂಬಿತು. ಆಕೆ ಕೌಂಟರನ್ನು ಸುತ್ತಿ ಈಚೆಗೆ ಬಂದು ಅಕ್ಕನನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಅವಳ ಕಿವಿಯ ಹತ್ತಿರ ಬಾಯಿ ತಂದು ನನ್ನಷ್ಟೇ ಗಟ್ಟಿಯಾಗಿ ಹೇಳಿದಳು:

"ಅಮ್ಮಾರ, ನಿಮ್ಮ ಮಷೀನ್ ಎಲ್ಲಿ ಅದ ನನಗ ಗೊತ್ತಿಲ್ರಿ. ಯಾವಾಗ ಬರ್ತದ, ಅದೂ ಗೊತ್ತಿಲ್ರಿ. ಎಲ್ಲಾರಿಗೂ ನಾಡದ ಬರ್ರಿ ಅಂತ ಹೇಳ್ರಿ ಅಂದಾರ. ಗೊತ್ತಿಲ್ಲ ಅನ್ನೂಹಂಗಿಲ್ರಿ ನಾವು."

ಗಾಜಿನ ಕೋಣೆಯ ಸಾಹೇಬರು ತಲೆ ಎತ್ತಿ ನೋಡಿದರು. ತಮ್ಮ ಸಿಬ್ಬಂದಿ ಒಬ್ಬ ವೃದ್ಧ ಗ್ರಾಹಕಿಯ ಪಕ್ಕದಲ್ಲಿ ಕೂತು ಇಷ್ಟು ಆಸ್ಥೆಯಿಂದ ಮಾತಾಡುವುದನ್ನು ಕಂಡು ಮೆಚ್ಚಿ ತಲೆಯಾಡಿಸಿದರು. ಅವರಿಗೆ ಕನ್ನಡ ಬರುವುದಿಲ್ಲ.

ಆ ಕ್ಷಣದಿಂದ ನನ್ನ ನಾಚಿಕೆ ಇನ್ನೂ ಹೆಚ್ಚಾಯಿತು. ಯಾರಿಗೂ ತಿಳಿಯುವುದಿಲ್ಲ ಎಂದು ನಾನು ಕನ್ನಡದಲ್ಲಿ ಬೈದೆ. ಯಾರಿಗೂ ತಿಳಿಯುವುದಿಲ್ಲ ಎಂದು ಆಕೆ ಕನ್ನಡದಲ್ಲಿ ನಿಜ ಹೇಳಿದಳು. ಭಾಷೆ ಒಂದೇ, ದನಿಯೂ ಒಂದೇ. ನಿಮ್ಮ ಕಂಪನಿಯಿಂದ ನಮಗೆ ಸಿಕ್ಕ ಸೇವೆಯೆಂದರೆ ಇದೊಂದೇ, ಅದೂ ಕದ್ದು ಸಿಕ್ಕದ್ದು.

ಅಕ್ಕ ಅಷ್ಟೂ ಕೇಳಿಸಿಕೊಂಡು, "ಗೊತ್ತಿಲ್ಲಂದ್ರ ಗೊತ್ತಿಲ್ಲ. ಇಷ್ಟ ಅಂದಿದ್ರ ನಾ ಸುಮ್ಮನ ಮನ್ಯಾಗ ಕುಂದರ್ತಿದ್ನಲ್ಲವ್ವಾ" ಎಂದಳು.

ಹೊರಡುವಾಗ ನಾನು ಹರ್ಷದಾಳ ಎದುರಿಗೆ ನಿಂತು, "ತಪ್ಪಾತವ್ವಾ" ಎಂದೆ. ಸಣ್ಣ ದನಿಯಲ್ಲಿ ಅಂದೆ. ಬೈಯುವಾಗ ಇದ್ದ ದನಿ ಎಲ್ಲಿ ಹೋಗಿತ್ತೋ. ಇದನ್ನೆಲ್ಲ ಬರೆಯಲೇನು ಎಂದು ಕೇಳಿದೆ.

"ಬರೀರಿ ಕಾಕಾರ. ನನ್ನ ಹೆಸರು ಬ್ಯಾಡ್ರಿ" ಎಂದಳು. ಕೌಂಟರಿನ ಹಿಂದಿನ ತನ್ನ ಕುರ್ಚಿಗೆ ಮರಳುತ್ತ, "ನಮ್ಮವ್ವನ ಊರಿನ ಹೆಸರು ಇರಲಿ" ಎಂದಳು.

ಈಗ ಹೇಳಿ, ಆ ಕುರ್ಚಿಯನ್ನು ನೀವು ಯಾತಕ್ಕಾಗಿ ಹಾಕಿದ್ದೀರಿ? ಅದರಲ್ಲಿ ಕೂತವರ ಕೈಯಲ್ಲಿ ನಮ್ಮ ಮಷೀನು ಇಲ್ಲ, ಅದರ ಸುದ್ದಿ ಇಲ್ಲ, ಇಲ್ಲ ಎಂದು ಹೇಳುವ ಅಧಿಕಾರವೂ ಇಲ್ಲ. ಅವರಿಗೆ ಇರುವುದು ಒಂದು ಸುಳ್ಳು, ಅದೂ ನಿಮ್ಮದು. ನಿಮ್ಮ ಸುಳ್ಳನ್ನು ಅವರ ಬಾಯಲ್ಲಿ ಇಟ್ಟು, ಅದಕ್ಕೆ ಸಿಗುವ ಬೈಗುಳವನ್ನು ಅವರ ಕಿವಿಗೆ ಬಿಟ್ಟು, ನೀವು ಯಾವ ಮಹಡಿಯಲ್ಲಿ ಕೂತಿದ್ದೀರಿ? ನಿಮಗೆ ಮುಟ್ಟಬೇಕಾದ ಮಾತು ದಾರಿ ತಪ್ಪಿ ಬೈಲಹೊಂಗಲದ ಒಬ್ಬ ತಾಯಿಗೆ ಹೋಗಿ ಬಿತ್ತು. ನೀವು ಹಾಗೆ ಮಾಡಿದ್ದಕ್ಕೆ ನಾನು ಹೀಗೆ ಮಾಡಿದೆ ಎಂದು ಹೇಳಿ ಜಾರಿಕೊಳ್ಳುವುದಿಲ್ಲ. ಬಾಯಿ ನನ್ನದು. ಆದರೆ ನಾನು ಬಾಯಿ ಬಿಡುವ ಹೊತ್ತಿಗೆ ಎದುರಿಗೆ ಆ ಹುಡುಗಿಯನ್ನು ತಂದು ಕೂರಿಸಿದವರು ನೀವು.

ರಿಪೇರಿಯಾಗಿರಲಿ, ಆಗದಿರಲಿ, ಅಕ್ಕನ ಮಷೀನನ್ನು ಕಳಿಸಿಕೊಡಿ. ಆಗದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ. ಕಳೆದಿದ್ದರೆ ಕಳೆದಿದೆ ಎಂದು ನಿಮ್ಮ ಕೈಯಲ್ಲಿ ಬರೆದು ಕಳಿಸಿ, ಅಕ್ಕನಿಗೆ ಓದಲು ಬರುತ್ತದೆ. ಕಿವಿ ಕೇಳದವರ ದೂರನ್ನು ಕಾಗದದ ಮೇಲೆ ತೆಗೆದುಕೊಳ್ಳಿ. ಕೌಂಟರಿನವರಿಗೆ ಗೊತ್ತಿಲ್ಲ ಎನ್ನುವ ಸ್ವಾತಂತ್ರ್ಯ ಕೊಡಿ. ಮತ್ತು ಒಂದು ದಿನ, ಗದ್ದಲ ಹೆಚ್ಚಿರುವ ಸೋಮವಾರವಾದರೆ ಒಳ್ಳೆಯದು, ಆ ಕುರ್ಚಿಯಲ್ಲಿ ನೀವು ಬಂದು ಕೂರಿ. ನಾನು ಬಂದು ಬೈಯುವುದಿಲ್ಲ. ಉಳಿದವರ ಪರವಾಗಿ ನಾನು ಮಾತು ಕೊಡಲಾರೆ.

ಈ ಪತ್ರದ ಮರಾಠಿ ಪ್ರತಿಯೊಂದನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಹಾಕಿದ್ದೇನೆ. ಅದರಲ್ಲಿ ಮಷೀನಿನ ವಿಷಯ ಇದೆ, ಹರ್ಷದಾ ಇಲ್ಲ. ಆಕೆ ಇರುವುದು ಕನ್ನಡ ಪತ್ರಿಕೆಯಲ್ಲಿ ಅಚ್ಚಾಗುವ ಈ ಪ್ರತಿಯಲ್ಲಿ ಮಾತ್ರ. ನಿಮ್ಮ ಮಹಡಿಯಲ್ಲಿಯೂ ನಮ್ಮವರು ಒಬ್ಬರು ಇದ್ದೇ ಇರುತ್ತಾರೆ. ಎಲ್ಲ ಕಡೆ ಇರುತ್ತಾರೆ ಎಂಬುದನ್ನು ನಾನು ಈಗ ಕಲಿತಿದ್ದೇನೆ. ಅವರು ಇದನ್ನು ಓದಿ, ಹೇಳಬೇಕಾದಷ್ಟನ್ನು ನಿಮಗೆ ಹೇಳಲಿ.

ಸದ್ಯಕ್ಕೆ ಇಂದೂತಾಯಿ ಕೆಳಗೆ ಬೆಂಚಿನ ಮೇಲಿದ್ದಾರೆ. ಅಕ್ಕ ಬಾಲ್ಕನಿಯಲ್ಲಿ, ಸೀರೆಯ ಹಿಂದೆ. ಕಥೆ ಅಲ್ಲಿಗೆ ಬಂದು ನಿಂತಿದೆ. ಹೂಂ ಅನ್ನಬೇಕಾದವರು ನೀವು.

ಇಂತಿ,
ಶಿವಾಜಿನಗರದಲ್ಲಿ ಬೇಕಾದ್ದಕ್ಕಿಂತ ಗಟ್ಟಿಯಾಗಿ ಕನ್ನಡ ಮಾತಾಡಿದ,
ಕಾಶವ್ವನ ತಮ್ಮ ಫಕೀರಪ್ಪ
ವಾಕಡ, ಪುಣೆ